ಗಲಾಟೆ ಮಾಡದ ಹುಡುಗಿ

ಮೊನ್ನೆ ಆಳಂದದಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯ ಜಡೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ತಟ್ಟನೆ ಅತನೂರಿನ ಆ ಹುಡುಗಿ ನೆನಪಾದಳು...

ಎಷ್ಟೋ ವರ್ಷಗಳ ಹಿಂದಿನ ಮಾತು. ಆಗಷ್ಟೇ ನಾನು ಮಾನಸಿಕ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಆಪ್ತಸಮಾಲೋಚಕಿಯಾಗಿ ಸೇರಿದ್ದೆ. ತನ್ನ ಅಕ್ಕ ಬಾವಿಗೆ ಬಿದ್ದು ಸತ್ತ ಮೇಲೆ ಆ ಹುಡುಗಿ ಮಾತು ಬಿಟ್ಟಿದ್ದಳು, ಹತ್ತಿರ ಹೋದವರನ್ನು ಕಚ್ಚುತ್ತಿದ್ದಳು. ಅಪ್ಪ ತಂದು ಸೇರಿಸಿದ್ದ. ನಮ್ಮಲ್ಲಿ ಪ್ರತಿ ಮಗುವಿನ ವರ್ತನೆಗೆ ದಿನವೂ ಅಂಕ ಹಾಕುತ್ತಿದ್ದೆವು. ಉಂಡಿತೇ, ಮಲಗಿತೇ, ಹೇಳಿದ್ದು ಕೇಳಿತೇ, ಗಲಾಟೆ ಮಾಡಿತೇ. ಯಾಕೆ ಮಾಡಿತು ಎಂದು ಬರೆಯಲು ಜಾಗವೇ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ಊಟದ ತಟ್ಟೆಯನ್ನು ಗೋಡೆಗೆ ಎಸೆದು, ನನ್ನ ಸೆರಗು ಜಗ್ಗಿ ಕಿರುಚಿದಳು: “ಅಕ್ಕನ್ನ ಬಾವಿಗಿ ನಾನೇ ಕರ್ಕೊಂಡ್ ಹೋಗಿದ್ದೆ!”

ಆಸ್ಪತ್ರೆಗೆ ಬಂದ ಮೇಲೆ ಅವಳಾಡಿದ ಮೊದಲ ಮಾತು ಅದು. ನನಗೆ ಜೀವ ಬಂದಂತಾಯಿತು. ಆದರೆ ಆ ದಿನದ ಹಾಳೆಯಲ್ಲಿ ಬಿದ್ದದ್ದು ‘ಹಿಂಸಾತ್ಮಕ’ ಎಂಬ ಒಂದೇ ಪದ. ಔಷಧ ಹೆಚ್ಚಿಸಿದರು. ನಾನು ಕೂಗಾಡಿದೆ; ಯಾರೂ ಕಿವಿಗೊಡಲಿಲ್ಲ.

ಕೆಲ ದಿನಗಳ ನಂತರ ಅವಳು ಮೆಲ್ಲಗೆ ಕೇಳಿದಳು, “ಮೇಡಂ, ಹ್ಯಾಂಗಿದ್ರ ಮನಿಗಿ ಬಿಡ್ತಾರ್ರಿ?”

“ನಿನಗ ಅಳಬೇಕನಿಸಿದ್ರ ಅಳು, ಸಿಟ್ಟ ಬಂದ್ರ ಸಿಟ್ಟ ಮಾಡು. ನಾ ಇಲ್ಲೇ ಅದೀನಿ,” ಅಂದೆ. ಅವಳು ನಂಬಲಿಲ್ಲ. ಮರುದಿನದಿಂದ ಎಣ್ಣೆ ಹಚ್ಚಿ ತಾನೇ ಜಡೆ ಹೆಣೆದುಕೊಂಡಳು. ಉಪ್ಪಿಟ್ಟನ್ನು ಬಳಿದು ತಿಂದಳು. ಬಂದವರಿಗೆಲ್ಲ ಕೈಮುಗಿದಳು. ಅಕ್ಕನ ಹೆಸರೆತ್ತಿದರೆ ನಗುತ್ತಿದ್ದಳು. ಅಂಕಗಳು ಏರಿದವು.

“ಸರ್, ಅಕಿ ಅಳೂದೂ ಬಿಟ್ಟಾಳ್ರಿ. ಈಗ ಕಳಸಬ್ಯಾಡ್ರಿ,” ಎಂದು ವೈದ್ಯರ ಬೆನ್ನು ಹತ್ತಿದೆ.

“ಅಳೂದ್ ಬಿಟ್ರ ಛಲೋನೇ ಆತಲ್ರಿ. ಒಂದ್ ಬೆಡ್ಡಿಗಿ ಎಷ್ಟ್ ಮಂದಿ ಕಾಯಾಕತ್ತಾರ, ನೋಡೀರಿಲ್ಲ?”

ಅವರು ಹೇಳಿದ್ದೂ ಸುಳ್ಳಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಅವಳನ್ನು ಮನೆಗೆ ಕಳಿಸಿದರು. ಮುಂದಿನ ತಿಂಗಳು ಔಷಧ ಒಯ್ಯಲು ಅಪ್ಪನೊಬ್ಬನೇ ಬಂದ. ಮಗಳೆಲ್ಲಿ ಎಂದರೆ ಖುಷಿಯಿಂದ ಹೇಳಿದ: “ಭಾಳ ಶ್ಯಾಣ್ಯಾಕಿ ಆಗ್ಯಾಳ್ರಿ ಮೇಡಂ. ಬಾಯೇ ತೆಗಿಯಂಗಿಲ್ಲ.”

ಕರೆತರುವಂತೆ ಗೋಗರೆದೆ. ಹೂಂ ಅಂದವನು ಮತ್ತೆ ಬರಲಿಲ್ಲ. ನಾನೇ ಅತನೂರಿಗೆ ಹೋದಾಗ ಮನೆಗೆ ಬೀಗ ಬಿದ್ದಿತ್ತು. ದುಡಿಯಲು ಪುಣೆಗೆ ಹೋದರೆಂದರು ನೆರೆಯವರು.

ಈಗ ನಮ್ಮ ವಾರ್ಡಿಗೆ ಅಂಕ ಹಾಕಲು ಕಂಪ್ಯೂಟರ್ ಬಂದಿದೆ. ಪ್ರಶ್ನೆಗಳು ಮಾತ್ರ ಅವೇ. ‘ಯಾಕೆ’ ಎಂಬುದಕ್ಕೂ ಜಾಗ ಕೊಡಿ ಎಂದು ಪ್ರತಿ ಸಭೆಯಲ್ಲೂ ಜಗಳವಾಡುತ್ತೇನೆ, ‘ನೋಡೋಣ’ ಅನ್ನುತ್ತಾರೆ. ಅವಳೀಗ ದೊಡ್ಡವಳಾಗಿರಬೇಕು... ಯಾರ ಮುಂದಾದರೂ ಒಮ್ಮೆ ಬಾಯಿಬಿಟ್ಟು ಅತ್ತಳೋ ಇಲ್ಲವೋ, ನನಗೆ ತಿಳಿಯುವ ದಾರಿಯಿಲ್ಲ.