ಗುಂಡಿಯಕ್ಕನ ಹದಿನೇಳು ಸಾವಿರ

ಬಟ್ಟೆಯ ಥಾನು ಬಿಚ್ಚಿ ನೋಡಿದ ಹಾಗೆ ನೋಡುವುದಾದರೆ, ಗುಂಡಿಯಕ್ಕ ಅಗಲ ಕಮ್ಮಿಯ, ಬಾಳಿಕೆ ಹೆಚ್ಚಿನ ಮಾಲು. ವಯಸ್ಸು ನಲವತ್ತೈದರ ಆಸುಪಾಸು. ಎತ್ತರ ನಮ್ಮ ಕಪಾಟಿನ ಮೂರನೇ ಹಲಗೆಯವರೆಗೆ. ನಾಲ್ಕನೆಯದಕ್ಕೆ ಸ್ಟೂಲು ಬೇಕು. ಮಂಡಿ ಸ್ವಲ್ಪ ಸವೆದಿದೆ. ಕಣ್ಣು ಮೊದಲ ದರ್ಜೆ. ನಾಲಗೆಗೆ ಹರಿತವಿದೆ, ಆದರೆ ಒರೆಯಿಂದ ತೆಗೆಯುವುದು ಅಪರೂಪ. ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ. ಇಂಥ ಮಾಲು ಅಗ್ಗಕ್ಕೆ ಸಿಕ್ಕರೆ ವ್ಯಾಪಾರಿಯಾದವನು ಹೆಚ್ಚು ಮಾತಾಡದೆ ಗಂಟು ಕಟ್ಟಿಕೊಂಡು ಹೊರಡಬೇಕು. ನಾನೂ ಹಾಗೆಯೇ ಮಾಡಿದೆ. ಆಕೆ ನಮ್ಮ ಅಂಗಡಿಗೆ ಬಂದು ಹದಿನಾರು ವರ್ಷವಾಯಿತು.

ನನ್ನದು ಹೊಲಿಗೆ ಸಾಮಾನಿನ ಅಂಗಡಿ. ಗುಂಡಿ, ದಾರ, ಜಿಪ್ಪು, ಎಲಾಸ್ಟಿಕ್ಕು, ಲೈನಿಂಗ್ ಬಟ್ಟೆ. ಹಾಕಿಕೊಂಡ ಉಡುಪಿನಲ್ಲಿ ಯಾರೂ ಗಮನಿಸದ ವಸ್ತುಗಳು ಏನೇನಿವೆಯೋ ಅವೆಲ್ಲ ನನ್ನಲ್ಲಿ ಸಿಗುತ್ತವೆ. ದರ್ಜಿಗಳು ಕೈಯಲ್ಲೊಂದು ಬಟ್ಟೆಯ ಚೂರು ಹಿಡಿದು ಬರುತ್ತಾರೆ, ಗಲ್ಲಾದಲ್ಲಿ ಕೂತ ನನ್ನನ್ನು ದಾಟಿ ಒಳಗೆ ಇಣುಕಿ "ಅಕ್ಕ ಇದ್ದಾರಾ?" ಎನ್ನುತ್ತಾರೆ. ಬಾಡಿಗೆ ಕಟ್ಟುವವನು ನಾನು, ಬೋರ್ಡಿನಲ್ಲಿರುವುದು ನಮ್ಮಪ್ಪನ ಹೆಸರು; ಗಿರಾಕಿಗಳು ಮಾತ್ರ ಅಕ್ಕನವರು. ಒಳಗಿದ್ದರೆ ಆಕೆ ಬರುತ್ತಾಳೆ. ಚೂರನ್ನು ಎಡಗೈಯ ಬೆರಳಿಗೆ ಸುತ್ತಿಕೊಂಡು, ನಾಲ್ಕು ರೀಲು ಆರಿಸಿ, ಬಾಗಿಲಿನವರೆಗೆ ನಡೆದುಹೋಗಿ, ಬೀದಿಯ ಬೆಳಕಿನಲ್ಲಿ ಒಂದೊಂದೇ ಎಳೆಯನ್ನು ಬಟ್ಟೆಯ ಮೇಲೆ ಮಲಗಿಸಿ ನೋಡುತ್ತಾಳೆ. ದಿನಕ್ಕೆ ಎಷ್ಟು ಸಲವೋ. "ಒಳಗೇ ನೋಡಬಾರದೇನಮ್ಮ, ಇಷ್ಟು ಲೈಟು ಹಾಕ್ಸಿದ್ದೀನಿ" ಎಂದು ಒಮ್ಮೆ ಕೇಳಿದ್ದೆ.

"ಟ್ಯೂಬ್‌ಲೈಟು ಎಲ್ಲರಿಗೂ ಒಳ್ಳೇದೇ ಹೇಳತ್ತೆ ಯಜಮಾನ್ರೇ," ಎಂದಳು. "ನಿಮ್ಮ ಥರ."

ಆಕೆಗೆ ಸಾಲವಿದೆ ಎಂದು ನನಗೆ ತಿಳಿದದ್ದು ಒಬ್ಬ ಗಿರಾಕಿಯಿಂದ. ಇಸ್ತ್ರಿ ಮುರಿಯದ ಅಂಗಿ ತೊಟ್ಟ ಒಬ್ಬ ಮನುಷ್ಯ ವಾರಕ್ಕೊಮ್ಮೆ ಬಂದು ಒಂದೇ ಒಂದು ಬಿಳಿ ಗುಂಡಿ ಕೊಳ್ಳುತ್ತಿದ್ದ. ಅವನ ಅಂಗಿಯಲ್ಲಿ ಒಂದು ಗುಂಡಿಯೂ ಕಳೆದಿರಲಿಲ್ಲ. ಗುಂಡಿ ಕೊಡುವಾಗ ಅಕ್ಕ ಅದರ ಜೊತೆ ಮಡಚಿದ ನೋಟನ್ನೂ ಕೊಡುತ್ತಿದ್ದಳು. ಗಿರಾಕಿಗೆ ಅಂಗಡಿಯವರೇ ದುಡ್ಡು ಕೊಡುವ ವ್ಯಾಪಾರವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೇಳಿದಾಗ ಹೇಳಿದಳು: ಅವನು ವಾರದ ಬಡ್ಡಿಯವನು. ಒಳ್ಳೆಯವನು, ಎಲ್ಲರೆದುರು ಕೇಳುವುದಿಲ್ಲ, ಮರ್ಯಾದೆಗೆ ಗುಂಡಿ ಕೊಳ್ಳುತ್ತಾನೆ. ಬಡ್ಡಿಯಲ್ಲಿ ಮಾತ್ರ ಚಿಕ್ಕಾಸು ಬಿಡುವುದಿಲ್ಲ.

ಕತೆ ದೊಡ್ಡದೇನಲ್ಲ. ಆಕೆಯ ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಬೆನ್ನು ಹಿಡಿದು ಎಂಟು ತಿಂಗಳು ಮಲಗಿದ. ಮೊದಲು ಕೂಡಿಟ್ಟದ್ದು ಹೋಯಿತು, ಆಮೇಲೆ ದಿನಸಿ ಅಂಗಡಿಯಲ್ಲಿ ಉದ್ರಿ ಬೆಳೆಯಿತು, ಫ್ರಿಜ್ಜಿನ ಕಂತು ನಿಂತಿತು, ಕೊನೆಗೆ ಇವನು ಬಂದ. ಗಂಡ ಈಗ ಎದ್ದು ಓಡಾಡುತ್ತಾನೆ; ಒಂದು ಗೋದಾಮಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಕೆಲಸ, ಹಿಂದಿನ ಅರ್ಧ ಸಂಬಳ. ಬಂದದ್ದನ್ನೆಲ್ಲ ಅಕ್ಕ ಇವನಿಗಿಷ್ಟು ಅವನಿಗಿಷ್ಟು ಎಂದು ಹಂಚುತ್ತಿದ್ದಳು. ವಾರದವನಿಗೆ ಕಟ್ಟಿದ್ದೇ ಕಟ್ಟಿದ್ದು. ಅಸಲು ಮಾತ್ರ ಬಂದ ನೆಂಟನ ಹಾಗೆ ಕದಲದೆ ಕೂತಿತ್ತು.

ವರ್ಷದ ಆರಂಭದಲ್ಲಿ ಒಂದು ಸಂಜೆ, ಶಟರು ಅರ್ಧ ಇಳಿಸಿದ ಮೇಲೂ ಆಕೆ ಗಲ್ಲಾದ ಹತ್ತಿರ ನಿಂತೇ ಇದ್ದಳು.

"ಏನಮ್ಮ, ಹೊರಡಲಿಲ್ವಾ?"

"ಸಂಬಳದ ವಿಷಯ ಸ್ವಲ್ಪ ನೋಡ್ಬೇಕಿತ್ತು ಯಜಮಾನ್ರೇ."

"ನೋಡೋಣಮ್ಮ. ಸದ್ಯಕ್ಕೆ ಮಾರ್ಕೆಟ್ಟು ಡಲ್ಲು."

"ನಾನು ಸೇರಿದ ದಿನಾನೂ ಡಲ್ಲೇ ಇತ್ತು. ಅದಾದ ಮೇಲೆ ಎರಡು ಸಲ ಅಂಗಡಿ ದೊಡ್ಡದು ಮಾಡ್ಸಿದ್ರಿ."

"ಡಲ್ಲಿದ್ದಿದ್ದಕ್ಕೇ ಎರಡೇ ಸಲ."

ಆಕೆ ನಗಲಿಲ್ಲ. ನನ್ನ ಜಾತಕದಲ್ಲೇ ಇರುವ ದೋಷವೆಂದರೆ, ದುಡ್ಡು ಕೇಳಿದವರಿಗೆ ಬುದ್ಧಿ ಹೇಳುವುದು. ಬುದ್ಧಿಗೆ ಖರ್ಚಿಲ್ಲ, ಕೊಟ್ಟಮೇಲೂ ಸ್ಟಾಕು ಕಮ್ಮಿಯಾಗುವುದಿಲ್ಲ. ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಎಲ್ಲರಿಗೂ ಚೂರುಚೂರು ಕೊಡುವುದು ದಡ್ಡತನ, ಕಮ್ಮಿ ಬಡ್ಡಿಯ ಒಂದೇ ಸಾಲ ಎತ್ತಿ ಹೆಚ್ಚು ಬಡ್ಡಿಯವನ್ನೆಲ್ಲ ತೀರಿಸಬೇಕು, ನಮ್ಮ ಪೇಟೆಯ ಸಹಕಾರ ಸಂಘಕ್ಕೆ ಹೋಗಿ ವಿಚಾರಿಸು, ಅಲ್ಲಿಯವರೆಗೆ ಮೇಲುಸಂಪಾದನೆಗೆ ಗುಂಡಿಯ ಕಾರ್ಡು ಮನೆಗೆ ಒಯ್ಯಿ ಎಂದೆ. ಸಗಟಾಗಿ ಬಂದ ಬಿಡಿ ಗುಂಡಿಗಳನ್ನು ಡಜನ್ನಿನ ಲೆಕ್ಕದಲ್ಲಿ ರಟ್ಟಿನ ಕಾರ್ಡಿಗೆ ಹೊಲಿಯುವ ಕೆಲಸ ಅದು. ಕಾರ್ಡಿಗಿಷ್ಟು ಎಂದು ಕೂಲಿ. ಸಂಬಳ ಏರಿಸದೆ ಕೆಲಸ ಏರಿಸಿದ್ದೆ. ಅಂದು ನನಗೆ ಊಟ ಚೆನ್ನಾಗಿ ಸೇರಿತು.

ಒಂದು ರಜಾದಿನ ಗುಂಡಿಯ ಡಬ್ಬಗಳನ್ನು ಕೊಟ್ಟುಬರಲು ನಾನೇ ಆಕೆಯ ಮನೆಗೆ ಹೋದೆ. ಎರಡನೇ ಮಹಡಿ, ಎರಡು ಕೋಣೆ. ಗಂಡನ ಬೆನ್ನಿಗೆಂದು ಹಾಸಿಗೆಯ ಕೆಳಗೆ ಯಾವುದೋ ಹಳೆಯ ಬಾಗಿಲಿನ ಹಲಗೆ ಹಾಕಿದ್ದರು. ಹಿಡಿಕೆ ಇದ್ದ ಜಾಗದಲ್ಲಿ ತೂತು ಹಾಗೇ ಇತ್ತು. ಫ್ರಿಜ್ಜಿನ ಮೇಲಿನ ಕಂಪನಿಯ ಸ್ಟಿಕ್ಕರನ್ನು ಇನ್ನೂ ಕಿತ್ತಿರಲಿಲ್ಲ. ಕಂತು ತೀರದೆ ಅದು ನಮ್ಮದಲ್ಲ ಎಂದು ಅಕ್ಕನ ಅತ್ತೆಯ ಅಪ್ಪಣೆಯಂತೆ. ಡಬ್ಬಿಗಳ ಮುಚ್ಚಳಗಳಲ್ಲಿ ಗುಂಡಿಗಳನ್ನು ಅಳತೆಯ ಪ್ರಕಾರ ವಿಂಗಡಿಸಿಕೊಂಡು ಅತ್ತೆ ನೆಲದ ಮೇಲೆ ಕೂತಿದ್ದರು. ಗಂಡ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಹೊಲಿಯುವವಳು ಅಕ್ಕನೊಬ್ಬಳೇ.

"ಸಾಲ ಅಂದ್ರೆ ನೆಂಟ್ರ ಹಾಗೆ ಕಣಪ್ಪ," ಎಂದರು ಅತ್ತೆ. "ಒಬ್ರು ಹೋಗ್ತೀನಿ ಅಂತ ಎದ್ರೆ ಇನ್ನಿಬ್ರು ಚಪ್ಪಲಿ ಬಿಡ್ತಿರ್ತಾರೆ."

"ನೀವು ಕೊಡೋ ಕೂಲಿ ಸೂಜಿಗೇ ಸಾಲಲ್ಲ," ಎಂದ ಗಂಡ, ನಗುತ್ತಲೇ. ಅಕ್ಕ ಅವನ ಕಡೆ ನೋಡಿದಳು. ಅವನು ಇನ್ನೊಂದು ಸೂಜಿ ಎತ್ತಿಕೊಂಡ.

ಸಂಘಕ್ಕೆ ಹೋಗಿ ವಿಚಾರಿಸಿಕೊಂಡು ಬಂದವಳು ವಿಷಯ ತಿಳಿಸಿದಳು. ಎಲ್ಲ ಸಾಲ ತೀರಿಸುವಷ್ಟು ಕೊಡುತ್ತಾರೆ, ಬಡ್ಡಿ ವಾರದವನದರ ಕಾಲುಭಾಗವೂ ಇಲ್ಲ. ಆದರೆ ಅಷ್ಟು ಮೊತ್ತಕ್ಕೆ ಸಂಬಳ ತಿಂಗಳಿಗೆ ಹದಿನೇಳು ಸಾವಿರ ಇರಬೇಕು. ಆಕೆಗೆ ನಾನು ಕೊಡುತ್ತಿದ್ದದ್ದು ಹದಿನಾಲ್ಕು.

"ನೋಡೋಣ," ಎಂದೆ. ನಮ್ಮ ವ್ಯಾಪಾರದಲ್ಲಿ 'ಇಲ್ಲ' ಎಂಬುದನ್ನು ಕಂತಿನಲ್ಲಿ ಹೇಳುವ ಕ್ರಮ ಅದು. ಆಕೆ ಮತ್ತೆ ಕೇಳಿದಳು, ಮತ್ತೊಂದು ಕಂತು ಹೇಳಿದೆ. ಬಿಳಿ ಗುಂಡಿಯ ಗಿರಾಕಿ ತಪ್ಪದೆ ಬರುತ್ತಿದ್ದ. ಅಕ್ಕನ ನಡಿಗೆ ನಿಧಾನವಾಯಿತು. ಬಾಗಿಲಿನವರೆಗೆ ಹೋಗಿಬರುವಾಗ ಕಪಾಟಿಗೆ ಕೈ ಆನಿಸಿಕೊಳ್ಳುತ್ತಿದ್ದಳು. ನಾನು ನೋಡಿದೆ, ನೋಡುವುದಕ್ಕೂ ಖರ್ಚಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ, ಊರಿನಲ್ಲಿ ಎಲ್ಲರೂ ಕೋಟುಮಾವ ಎಂದು ಕರೆಯುವ ದರ್ಜಿ, ತೋಳಿನ ಮೇಲೆ ಒಂದು ರಾಶಿ ಕರಿ ಕೋಟು ಹೇರಿಕೊಂಡು ಬಂದ. ಹೋಟೆಲೊಂದರ ಬಡಿಸುವವರಿಗೆಂದು ಹೊಲಿದ ಕೋಟುಗಳು. ಒಂದನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದ. ಕಪ್ಪು ಬಟ್ಟೆ, ಅಂಚಿನ ಉದ್ದಕ್ಕೂ ಕಡುನೀಲಿ ಹೊಲಿಗೆ. ಒಳಗೆ ತಂದರೆ ಎರಡೂ ಕಪ್ಪು, ಹೊರಗೆ ಹಿಡಿದರೆ ಕುರುಡನಿಗೂ ಕಾಣುವ ನೀಲಿ.

"ಅಕ್ಕ, ನಿಮ್ಮ ಕೈಯಿಂದ ಇಸ್ಕೊಂಡ ದಾರಾನ ನಾನು ಇನ್ನೊಂದ್ಸಲ ನೋಡೋದೇ ಇಲ್ಲ," ಎಂದ. "ಈಗ ನಿಮ್ಮನ್ನ ಬಯ್ಯೋಣ ಅಂದ್ರೆ ಅಭ್ಯಾಸಾನೂ ಇಲ್ಲ."

ಅಕ್ಕ ಕೋಟು ಇಸಿದುಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿದಳು. "ನಂದೇ ತಪ್ಪು. ಅವತ್ತು ಬಾಗಿಲಿಗೆ ಹೋಗ್ಲಿಲ್ಲ. ಕಾಲು ಎಳೀತಿತ್ತು, ಒಳಗೇ ನೋಡಿ ಕೊಟ್ಟೆ."

"ಯಾಕಕ್ಕ, ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ. ಕಣ್ಣು ಮಾತ್ರ ಕಾರ್ಡಿಗೆ ಹೊಲಿದುಹೋಗಿದೆ."

ಕೋಟುಮಾವ ನನ್ನ ಕಡೆ ನೋಡಿದ. ನಾನು ಗಲ್ಲಾ ಎಳೆದು, ಇಲ್ಲದ ಚಿಲ್ಲರೆ ಹುಡುಕಿದೆ. ಅಷ್ಟೂ ಕೋಟಿನ ಹೊಲಿಗೆ ಬಿಚ್ಚಿ ಮತ್ತೆ ಹಾಕುವ ಕೂಲಿ, ಹೊಸ ದಾರ, ಹೋಟೆಲಿನವರು ತಡಕ್ಕೆಂದು ಮುರಿದುಕೊಳ್ಳುವ ಹಣ, ಎಲ್ಲ ನಾನು ಕೊಡುವುದೆಂದಾಯಿತು. ಗುಂಡಿಯಕ್ಕನ ಸಂಬಳದಲ್ಲಿ ತಿಂಗಳಿಗೆ ಮೂರು ಸಾವಿರ ಉಳಿಸಲು ಹೋಗಿ ನಾನು ಒಂದೇ ಬೆಳಿಗ್ಗೆ ಕಳೆದುಕೊಂಡದ್ದು ಒಂಬತ್ತು ಸಾವಿರ. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟುಕೊಂಡವರ ಕತೆ ಕೇಳಿ ನಗುತ್ತಿದ್ದವನು ನಾನು.

ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಆಕೆ ನೇರ ಗಲ್ಲಾಕ್ಕೆ ಬಂದು ಸಂಘದ ಅರ್ಜಿಯನ್ನು ನನ್ನ ಮುಂದೆ ಇಟ್ಟಳು. ಯಜಮಾನರು ಸಂಬಳ ಬರೆದು ಸಹಿ ಹಾಕಬೇಕಾದ ಜಾಗ ಖಾಲಿಯಿತ್ತು.

"ಇವತ್ತೇ ತರಬೇಕಿತ್ತಾ ಇದನ್ನ?"

"ಇನ್ನೊಂದು ದಿನ ಅಂದ್ರೆ, ಇವತ್ತಿಗಿಂತ ಒಳ್ಳೇ ದಿನ ಬರತ್ತಾ ಯಜಮಾನ್ರೇ?"

ನಾನು ಪೆನ್ನು ತೆಗೆದು ಹದಿನಾಲ್ಕು ಎಂದು ಬರೆಯಲು ಹೋದೆ. ಆಕೆ ಜಾಗದ ಮೇಲೆ ಬೆರಳಿಟ್ಟಳು.

"ಹದಿನಾಲ್ಕು ಬರೆದ್ರೆ ಆಗಲ್ಲ."

"ಮತ್ತೆ? ಹದಿನೇಳು ಅಂತ ಸುಳ್ಳು ಬರೀಲಾ? ಪೇಟೇಲಿ ನನ್ನ ಸಹಿಗೆ ಬೆಲೆ ಇದೆಯಮ್ಮ."

"ಸುಳ್ಳು ಬರೀಬೇಡಿ ಅಂತಾನೇ ನಾನೂ ಹೇಳ್ತಿರೋದು. ನಿಜ ಮಾಡಿ ಬರೀರಿ."

ದನಿ ಏರಿಸಿರಲಿಲ್ಲ. ಗಿರಾಕಿಗೆ ಮೀಟರಿನ ಬೆಲೆ ಹೇಳುವ ಹಾಗೆ ಹೇಳಿದಳು. ನಾನು ಹುಟ್ಟುಗುಣ ಬಿಡಲಿಲ್ಲ. "ಹದಿನೈದೂವರೆ ಮಾಡೋಣ. ನಂಗೂ ಬೇಡ, ನಿಂಗೂ ಬೇಡ" ಎಂದೆ.

"ಹದಿನೈದೂವರೆಗೆ ಅವರು ಸಾಲ ಕೊಡಲ್ಲ. ಅರ್ಧ ಸೇತುವೆ ಕಟ್ಟಿ ಏನು ಮಾಡೋದು?"

"ಆ ಕೋಟಿನ ನಷ್ಟ ಯಾರ ತಲೆ ಮೇಲೆ ಹಾಕ್ಲಿ, ಅದನ್ನಾದ್ರೂ ಹೇಳು."

"ನನ್ನ ತಲೆ ಮೇಲೇ ಹಾಕಿ. ಆದ್ರೆ ಕಾರ್ಡಿನ ಕೆಲಸ ಇನ್ನು ನಾನು ಒಯ್ಯಲ್ಲ. ಒಯ್ದ್ರೆ ಇನ್ನೊಂದು ಕೋಟು ಬರತ್ತೆ." ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು ಕೂತಳು. ಗಿರಾಕಿ ಬರುವ ಹೊತ್ತಿನಲ್ಲಿ ಆಕೆ ಕೂತದ್ದನ್ನು ನಾನು ನೋಡಿರಲಿಲ್ಲ. "ನಂಗೆ ಸಾಕಾಗಿದೆ ಯಜಮಾನ್ರೇ. ಜಗಳ ಆಡೋಕೂ ಆಗ್ತಿಲ್ಲ. ಬರೀತೀನಿ ಅನ್ನಿ, ಬರೆಯಲ್ಲ ಅನ್ನಿ. ನೋಡೋಣ ಅಂತ ಮಾತ್ರ ಅನ್ಬೇಡಿ."

ಹೊರಗೆ ಯಾರೋ "ಅಕ್ಕ ಇದ್ದಾರಾ?" ಎಂದರು. ಆಕೆ ಏಳಲಿಲ್ಲ. ನಾನು ಹದಿನೇಳು ಎಂದು ಬರೆದು, ಸಹಿ ಹಾಕಿ, ಅಂಗಡಿಯ ಮುದ್ರೆ ಒತ್ತಿದೆ. ಕೋಟಿನ ನಷ್ಟವನ್ನು ಅಂಗಡಿಯ ಲೆಕ್ಕಕ್ಕೇ ಹಾಕಿಕೊಂಡೆ. ಇದರಲ್ಲಿ ಧರ್ಮವೇನೂ ಇಲ್ಲ. ಒಂಬತ್ತು ಸಾವಿರದ ಪಾಠ ಇನ್ನೂ ಬಿಸಿಯಾಗಿತ್ತು. ಆಕೆ ಅರ್ಜಿಯನ್ನು ಮಡಚಿ ಡಬ್ಬಿಯ ಚೀಲದಲ್ಲಿಟ್ಟು, ಎದ್ದು, ಗಿರಾಕಿಯ ಕೈಯಿಂದ ಬಟ್ಟೆಯ ಚೂರು ತೆಗೆದುಕೊಂಡು ಬಾಗಿಲಿಗೆ ನಡೆದಳು.

ಮರುದಿನ ಸಂಘಕ್ಕೆ ಜೊತೆಯಲ್ಲಿ ನಾನೂ ಹೋದೆ. ನಾನಲ್ಲಿ ಹಳೆಯ ಸದಸ್ಯ, ಮುಖ ತೋರಿಸಿದರೆ ಕೆಲಸ ಬೇಗ ಆಗುತ್ತದೆ ಎಂಬ ಹಮ್ಮು. ಕಾರ್ಯದರ್ಶಿ ಅರ್ಜಿಯನ್ನು ಮೇಲಿನಿಂದ ಕೆಳಗೆ ಓದಿ, ಕನ್ನಡಕ ತೆಗೆದ.

"ಸಂಬಳ ಯಾವಾಗ ಏರ್ಸಿದ್ರಿ?"

"ನಿನ್ನೆ," ಎಂದೆ, ಸ್ವಲ್ಪ ಜಂಬದಿಂದಲೇ.

"ಹಾಗಾದ್ರೆ ಮೂರು ತಿಂಗಳು ಬಿಟ್ಟು ಬನ್ನಿ. ಈ ಸಂಬಳ ಮೂರು ತಿಂಗಳು ಕೈಗೆ ಬಂದಿರಬೇಕು, ನಿಯಮ. ವರ್ಷದ ಮೊದಲಲ್ಲೇ ಏರಿಸಿದ್ರೆ ಇವತ್ತು ಕೊಟ್ಟುಬಿಡ್ತಿದ್ದೆ."

ನಾನು ನಿಯಮದ ಮೇಲೆ ಎರಡು ಮಾತು ಆಡಿದೆ. ಮಾತಿನಿಂದ ಬೆಲೆ ಇಳಿಸುವುದು ನನ್ನ ಕಸುಬು, ಆದರೆ ಅಲ್ಲಿ ಏನೂ ಇಳಿಯಲಿಲ್ಲ. ಅಕ್ಕ ಅರ್ಜಿಯನ್ನು ವಾಪಸು ಇಸಿದುಕೊಂಡಳು. ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿದುಕೊಂಡು ಒಂದೊಂದೇ ಕಾಲು ಇಟ್ಟಳು. ನಾನು ಕೆಳಗೆ ಕಾದು ನಿಂತೆ.

"ಬೇಜಾರಾಯ್ತೇನಮ್ಮ?"

"ಬೇಜಾರಿಗೆ ಪುರುಸೊತ್ತೆಲ್ಲಿದೆ ಯಜಮಾನ್ರೇ. ಇಷ್ಟು ದಿನ ಎಳೆದವಳಿಗೆ ಇನ್ನು ಮೂರು ತಿಂಗಳು ಭಾರವಾ? ನಡೀರಿ, ಅಂಗಡಿ ತೆಗೀಬೇಕು."

ಯಾರಿಂದ ತಡವಾಯಿತು ಎಂದು ಆಕೆ ಹೇಳಲಿಲ್ಲ. ದಾರಿಯುದ್ದಕ್ಕೂ ಜಿಪ್ಪಿನ ಹೊಸ ಸ್ಟಾಕಿನ ಮಾತಾಡಿದಳು. ಏಳು ಅಂಗುಲದ್ದು ಮುಗಿಯುತ್ತ ಬಂದಿದೆ, ತರಿಸಬೇಕು ಎಂದಳು. ಹದಿನೇಳು ಸಾವಿರದ ಮೊದಲ ಸಂಬಳ ಎಣಿಸಿಕೊಂಡ ದಿನ, ಹೆಚ್ಚಿಗೆ ಬಂದ ಮೂರು ಸಾವಿರವನ್ನು ಅಲ್ಲೇ ಬೇರೆ ಮಾಡಿ ವಾರದವನಿಗೆಂದು ತೆಗೆದಿಟ್ಟಳು.

ಆಕೆ ಮೊದಲು ಕೇಳಿದ ಸಂಜೆಯಿಂದ ನಾನು ಸಹಿ ಹಾಕಿದ ಮಧ್ಯಾಹ್ನದವರೆಗೆ ಕಳೆದದ್ದೂ ಮೂರು ತಿಂಗಳೇ. ನನ್ನ 'ನೋಡೋಣ'ಗಳಿಗಾಗಿ ಈಗ ಇನ್ನೂ ಅಷ್ಟೇ ಕಾಲ ಗುಂಡಿಯಕ್ಕ ವಾರದ ಬಡ್ಡಿ ಕಟ್ಟುತ್ತಿದ್ದಾಳೆ. ಆಕೆ ಅದನ್ನು ನನ್ನಿಂದ ಕೇಳಿಲ್ಲ, ನಾನೂ ಇನ್ನೂ ಕೊಟ್ಟಿಲ್ಲ. ಆ ಮೂರು ತಿಂಗಳ ಬಡ್ಡಿ ನಾನು ಆಕೆಗೆ ಕೊಡಬೇಕಾದದ್ದು.