ಗಾಜಿನ ಬೀರುವಿನೊಳಗಿನ ಪುಸ್ತಕಗಳು

ಸನ್ಮಾನ ಮಾಡಿಸಿಕೊಳ್ಳುವವರನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯುವುದು ಸುಲಭ. ಸರಸ್ವತಿಪುರಂನ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಲೈಬ್ರರಿ ನೋಡಿಕೊಂಡವಳು ನಾನು. ಹಾರ ತುರಾಯಿ ಬೇಡ, ಅತಿಥಿಗಳಿಗೆ ಪುಸ್ತಕ ಕೊಡೋಣ ಎನ್ನುವ ಪದ್ಧತಿ ಶುರುವಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪುಸ್ತಕ ಆರಿಸುವ ಕೆಲಸವನ್ನು ಮಾತ್ರ ನನ್ನ ತಲೆಗೆ ಕಟ್ಟಿದರು.

ನಾನು ಆ ಕೆಲಸವನ್ನು ಮನಸ್ಸಿಟ್ಟು ಮಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದು ಕಟ್ಟಿನಲ್ಲಿ ನಾಲ್ಕು ಪುಸ್ತಕ. ಒಂದು ಕಾದಂಬರಿ ಅಥವಾ ಕಥಾಸಂಕಲನ, ಯಾರದಾದರೂ ಆತ್ಮಕಥೆ, ವಿಜ್ಞಾನವೋ ಇತಿಹಾಸವೋ ಒಂದು. ನಾಲ್ಕನೆಯದು ನನ್ನ ಮರ್ಜಿ: ಕೆರೆ ಹಕ್ಕಿಗಳ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ, ಬಾವಿ ತೋಡುವವರ ಬದುಕಿನ ಬಗ್ಗೆ, ಹೀಗೆ. ಓದದೆ ಒಂದನ್ನೂ ಆರಿಸಿದವಳಲ್ಲ. ಬಣ್ಣದ ಕಾಗದ ಸುತ್ತುವ ಮೊದಲು ಒಳಗೊಂದು ಚೀಟಿ ಇಡುತ್ತಿದ್ದೆ. ‘ಎಪ್ಪತ್ತನೇ ಪುಟ ಬಿಡಬೇಡಿ’, ‘ಇದನ್ನು ಕೊನೆಯಿಂದ ಶುರು ಮಾಡಿದರೂ ಚೆಂದ’, ಅಂಥದ್ದು. ಯಾರಾದರೂ ಒಬ್ಬರು ಫೋನು ಮಾಡಿ ಹೌದಲ್ಲ ಮೇಡಂ ಅನ್ನುತ್ತಾರೆ ಎಂದು ಕಾದಿದ್ದೆ. ಒಬ್ಬರೂ ಮಾಡಲಿಲ್ಲ. ಒಬ್ಬ ಮಹನೀಯರು ಪುಸ್ತಕದ ಕಟ್ಟನ್ನು ಡ್ರೈವರ್ ಕೈಗೆ ತುರುಕಿ, ಹಣ್ಣಿನ ಬುಟ್ಟಿಯನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಹೊರಟರು.

ಆದರೆ ನನ್ನ ನಿಜವಾದ ಸಿಟ್ಟು ಒಬ್ಬರ ಮೇಲೆ. ಅವರು ನಮ್ಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ನಿವೃತ್ತರಾದ ಮೇಲೂ ಯಾವ ಸಮಾರಂಭವಾದರೂ ಅವರೇ ಮುಖ್ಯ ಅತಿಥಿ. ಅವರ ಮೇಲಿನ ಸಿಟ್ಟಿಗೆ ಇಪ್ಪತ್ತೆರಡು ವರ್ಷ ವಯಸ್ಸು.

ಆಗ ನನ್ನ ಕಥೆಗಳ ಪುಸ್ತಕ ಒಂದು ಬಂದಿತ್ತು. ಒಂಬತ್ತು ಕಥೆ, ತೆಳ್ಳನೆಯ ಪುಸ್ತಕ. ಪ್ರೆಸ್ಸಿನವನು ಅವಸರದಲ್ಲಿ ಕೆಲವು ಪ್ರತಿಗಳ ಮೇಲಂಚನ್ನು ಸರಿಯಾಗಿ ಕತ್ತರಿಸಿರಲಿಲ್ಲ. ಎರಡೆರಡು ಹಾಳೆ ಮೇಲೆ ಮಡಿಕೆಯಲ್ಲಿ ಕೂಡಿಕೊಂಡೇ ಇದ್ದವು, ಓದುವವರು ಚಾಕು ಹಾಕಿ ಬಿಡಿಸಿಕೊಳ್ಳಬೇಕಿತ್ತು. ನನ್ನ ಬಳಿ ಉಳಿದಿದ್ದು ಅಂಥದ್ದೇ ಒಂದು ಪ್ರತಿ. ಎರಡನೇ ಪುಸ್ತಕಕ್ಕೆ ಅರ್ಧ ನೋಟ್‌ಬುಕ್ ಬರೆದಾಗಿತ್ತು. ಮುಂದುವರಿಸಬಹುದೇ ಎಂದು ದೊಡ್ಡವರ ಬಾಯಿಂದ ಕೇಳುವ ಆಸೆ. ರಾಮಕೃಷ್ಣನಗರದ ಅವರ ಮನೆಗೆ ಹೋಗಿ, ಮೊದಲ ಪುಟದಲ್ಲಿ ಅವರ ಹೆಸರು, ಅದರ ಕೆಳಗೆ ‘ತಮ್ಮ ಅಭಿಪ್ರಾಯ ಕೋರಿ’ ಎಂದು ಬರೆದು, ಹಾಳೆ ಕತ್ತರಿಸಿಕೊಳ್ಳಬೇಕಾದದ್ದಕ್ಕೆ ಕ್ಷಮೆ ಕೇಳಿ ಕೊಟ್ಟು ಬಂದೆ.

ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಅವರ ಹೆಂಡತಿ ಕಾಫಿ ತಂದುಕೊಟ್ಟರು. ಲೋಟ ತೆಗೆದುಕೊಂಡೆ. ಪ್ರಿನ್ಸಿಪಾಲರು ಸೋಫಾಕ್ಕೆ ಒರಗಿ ಕೂತು ಹೇಳಿದರು: “ಪರವಾಗಿಲ್ಲ ಕಣಮ್ಮ. ಆದ್ರೆ ಎಲ್ಲಾ ಅಡಿಗೆಮನೆ ಕಥೆಗಳೇ. ಲೋಕಾನುಭವ ಸಾಲದು. ಬರಿಯೋದು ಸ್ವಲ್ಪ ನಿಲ್ಸಿ, ವಿಶಾಲವಾಗಿ ಓದಿ. ಇತಿಹಾಸ, ವಿಜ್ಞಾನ, ದೊಡ್ಡವರ ಜೀವನಚರಿತ್ರೆ. ಆಮೇಲೆ ನೋಡೋಣ.”

ನಾನು ತಲೆಯಾಡಿಸಿದೆ. ಮನೆಗೆ ಬಂದು ನೋಟ್‌ಬುಕ್ಕನ್ನು ಹಳೆ ಸೀರೆಗಳ ಕೆಳಗೆ ಇಟ್ಟೆ. ಆಮೇಲೆ ನಿಜಕ್ಕೂ ಓದಿದೆ, ಅವರು ಹೇಳಿದ ಹಾಗೆಯೇ ವಿಶಾಲವಾಗಿ. ಸಮುದ್ರದ ಬಗ್ಗೆ, ಸುಲ್ತಾನರ ಬಗ್ಗೆ, ಮೂತ್ರಪಿಂಡದ ಬಗ್ಗೆ. ಒಂದು ಸಾಲೂ ಬರೆಯಲಿಲ್ಲ. ಅತಿಥಿಗಳಿಗೆ ಪುಸ್ತಕ ಕೊಡುವ ಪದ್ಧತಿ ಬಂದ ಮೇಲೆ ಅವರಿಗೆ ಕೊಡುವ ಕಟ್ಟನ್ನು ಮಾತ್ರ ವಾರಗಟ್ಟಲೆ ಯೋಚಿಸಿ ಆರಿಸುತ್ತಿದ್ದೆ. ನೋಡಿ, ನಾನು ಎಷ್ಟು ವಿಶಾಲವಾಗಿ ಓದಿದ್ದೇನೆ ಎಂದು ತೋರಿಸುವ ಚಪಲ. ಆಹ್ವಾನಪತ್ರಿಕೆ ಕೊಡಲು ವರ್ಷಕ್ಕೆ ಒಂದೆರಡು ಸಲ ಅವರ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲ ಒಂದು ಲೋಟ ಕಾಫಿ ಬರುತ್ತಿತ್ತು, ಕುಡಿದು ಬರುತ್ತಿದ್ದೆ. ಆಮೇಲೇನಾಯಿತು, ಬರೆದಿರಾ ಎಂದು ಅವರು ಒಂದು ದಿನವೂ ಕೇಳಲಿಲ್ಲ.

ಈಗ ನಾನೂ ನಿವೃತ್ತಳು. ಇಲವಾಲದಲ್ಲಿ ಊರಿನವರು ಹಳೆಯ ಅಕ್ಕಿ ಅಂಗಡಿಯ ಕೋಣೆಯೊಂದನ್ನು ಓದುವ ಮನೆ ಮಾಡಿಕೊಂಡಿದ್ದಾರೆ. ವಾರಕ್ಕೆ ಎರಡು ದಿನ ಅಲ್ಲಿ ಹೋಗಿ ಕೂರುತ್ತೇನೆ. ಮೊನ್ನೆ ಪ್ರಿನ್ಸಿಪಾಲರ ಫೋನು ಬಂತು. ಮನೆಯಲ್ಲಿ ದೊಡ್ಡ ಟೀವಿ ತರಿಸುತ್ತಿದ್ದಾರಂತೆ, ಗಾಜಿನ ಬೀರು ಅಡ್ಡವಂತೆ.

“ಪುಸ್ತಕ ಎಲ್ಲಾ ನಿಮ್ಮ ಓದೋ ಮನೆಗೆ ಕೊಟ್ಬುಡ್ತೀನಿ ಮೇಡಂ. ಕಥೆ, ಕಾದಂಬರಿ, ವಿಜ್ಞಾನ, ಎಲ್ಲಾ ಥರದ್ದೂ ಇದೆ. ನನ್ನ ಜೀವಮಾನದ ಸಂಗ್ರಹ ಕಣ್ರೀ. ಬಾಗಿಲ ಮೇಲೆ ನನ್ನ ಹೆಸರಿಂದು ಒಂದು ಬೋರ್ಡು ಹಾಕ್ಸಿ, ಸಾಕು.”

ಜೀವಮಾನದ ಸಂಗ್ರಹ ಎಂಬ ಮಾತು ಕೇಳಿ ಮೈ ಉರಿಯಿತು. ಆದರೂ ಹೋದೆ. ಊರಿನವರಿಗೆ ಪುಸ್ತಕ ಬೇಕಿತ್ತು ಎನ್ನುವುದು ನಿಜ. ನನ್ನ ಪುಸ್ತಕ ಅಲ್ಲಿ ಇದೆಯೇ ಎಂದು ನೋಡುವ ಆಸೆ ಇತ್ತು ಎನ್ನುವುದು ಇನ್ನೂ ನಿಜ.

ಬೀರುವಿನ ಗಾಜಿಗೆ ಒಳಗಿನಿಂದ ಪರದೆ, ಬಾಗಿಲಿಗೆ ಬೀಗ. ಕೀಲಿ ಅವರ ಜನಿವಾರದಲ್ಲಿ. ಬಾಗಿಲು ತೆಗೆದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ನನ್ನದೇ ಕೈಕೆಲಸ. ಕೆಂಪು, ಹಸಿರು, ಬಂಗಾರದ ಬಣ್ಣದ ಕಾಗದ. ಮೂಲೆಯಲ್ಲಿ ನಾನು ಅಂಟಿಸುತ್ತಿದ್ದ ಟೇಪು, ಹಳದಿಯಾಗಿ ಒಣಗಿತ್ತು. ಒಂದು ಕಟ್ಟೂ ಬಿಚ್ಚಿರಲಿಲ್ಲ. ನನ್ನ ಹಕ್ಕಿಗಳು, ನನ್ನ ಬಾವಿ ತೋಡುವವರು, ನನ್ನ ಚೀಟಿಗಳು, ಎಲ್ಲವೂ ಹೊರಟ ದಿನ ಹೇಗಿದ್ದವೋ ಹಾಗೇ ಇದ್ದವು.

“ಹೊಸದಾಗೇ ಇಟ್ಟಿದೀನಿ ನೋಡಿ” ಎಂದರು, ಹೆಮ್ಮೆಯಿಂದ.

ಕಟ್ಟುಗಳನ್ನು ಕೆಳಗಿಳಿಸುತ್ತಾ ಹೋದೆ. ತೀರಾ ಕೆಳಗಿನ ಅರೆಯಲ್ಲಿ, ಹಳೆಯ ಪಂಚಾಂಗಗಳ ನಡುವೆ ನನ್ನ ತೆಳ್ಳನೆಯ ಪುಸ್ತಕ ಸಿಕ್ಕಿತು. ತೆರೆದೆ. ಹಾಳೆಗಳ ಮೇಲಂಚು ಹಾಗೇ ಇತ್ತು. ಮೊದಲಿನಿಂದ ಕೊನೆಯವರೆಗೆ ಒಂದು ಮಡಿಕೆಗೂ ಚಾಕು ತಾಗಿರಲಿಲ್ಲ.

ಓದಿರಲಿಲ್ಲ. ಓದದೆ ಪರವಾಗಿಲ್ಲ ಅಂದಿದ್ದರು. ಓದದೆ ನಿಲ್ಲಿಸು ಅಂದಿದ್ದರು. ನಾನು ಇಪ್ಪತ್ತೆರಡು ವರ್ಷ ನಿಲ್ಲಿಸಿದ್ದೆ.

“ಸರ್, ಇದರ ಹಾಳೆ ಕತ್ತರಿಸೇ ಇಲ್ಲ” ಎಂದೆ.

ಅವರು ಕನ್ನಡಕ ಏರಿಸಿ ನೋಡಿದರು. “ಓ, ಇದು ನಿಮ್ಮದಲ್ವಾ? ಇದನ್ನ ಬೇಕಾದ್ರೆ ನಾನು ಇಟ್ಕೊಳ್ತೀನಿ. ಪ್ರೀತಿಯಿಂದ ಕೊಟ್ಟಿದ್ರಿ.”

“ಓದದೇ ಅಭಿಪ್ರಾಯ ಹೇಳಿದ್ರಿ ನೀವು. ಬರಿಯೋದು ನಿಲ್ಸಿ ಅಂದ್ರಿ.”

“ನಾನಾ? ಹಂಗಂದಿದ್ನಾ?” ನಿಜವಾಗಿಯೂ ಯೋಚಿಸಿದರು. “ಏನೋಮ್ಮ, ನೆನಪಿಲ್ಲ. ಹೊಸಬರಿಗೆ ಎಲ್ಲಾರಿಗೂ ಹಂಗೇ ಹೇಳೋದು. ತಪ್ಪೇನಿದೆ? ಓದಿದ್ರೆ ಒಳ್ಳೇದೇ ಅಲ್ವಾ. ಬೋರ್ಡು ಮಾತ್ರ ಮರೀಬೇಡಿ.”

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಅನ್ನಿಸಿತು. ಮೂವತ್ತೊಂದು ವರ್ಷ ಸದ್ದು ಮಾಡಬೇಡಿ ಎಂದು ಬೇರೆಯವರಿಗೆ ಹೇಳಿ ಹೇಳಿ, ಜಗಳಕ್ಕೆ ಬೇಕಾದ ದನಿ ನನ್ನಲ್ಲಿ ಉಳಿದಿರಲಿಲ್ಲವೋ ಏನೋ. “ಬೋರ್ಡು ಇಲ್ಲ ಸರ್. ಹಾಕಲ್ಲ” ಎಂದಷ್ಟೇ ಹೇಳಿದೆ. ಅವರ ಮುಖ ಸಣ್ಣದಾಯಿತು. ಹಾಗಾದರೆ ಪುಸ್ತಕ ಕೊಡಬೇಕೋ ಬೇಡವೋ ಯೋಚಿಸಬೇಕಾಗುತ್ತದೆ ಎಂದರು. ಯೋಚಿಸಿ ಎಂದು ಹೇಳಿ, ನನ್ನ ಪುಸ್ತಕ ಒಂದನ್ನೇ ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದೆ.

ಗೇಟಿನ ಹತ್ತಿರ ಅವರ ಹೆಂಡತಿ ಕನಕಾಂಬರ ಬಿಡಿಸುತ್ತಾ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ತಲೆ ಎತ್ತದೆ ಹೇಳಿದರು: “ಅವ್ರು ಓದಿಲ್ಲ. ನಾನು ಓದಿದೀನಿ.”

ನಾನು ನಿಂತೆ.

“ಬೀರೂಗೆ ಹಾಕೋ ಮುಂಚೆ ಟೀಪಾಯಿ ಮೇಲೆ ಒಂದು ವಾರ ಬಿದ್ದಿತ್ತು. ಅಡಿಗೆಮನೆ ಕಿಟಕಿ ಹತ್ರ ಹಿಡ್ಕೊಂಡು ಓದ್ದೆ. ಕತ್ತರಿಸಿದ್ರೆ ಯಾರು ಕತ್ತರಿಸಿದ್ದು ಅಂತ ಕೇಳ್ತಿದ್ರು. ಅದಕ್ಕೇ ಕೆಳಗಿಂದ ಬಗ್ಗಿ ಮಡಿಕೆ ಒಳಗೆ ಇಣುಕಿ ಇಣುಕಿ ಓದ್ದೆ. ಕುತ್ತಿಗೆ ಹಿಡ್ಕೊಂಡ್ಬುಡ್ತು.”

“ಹೇಗಿತ್ತು?” ಎಂದು ಕೇಳಿದೆ. ಅರವತ್ತು ದಾಟಿದವಳು, ಹುಡುಗಿಯ ಹಾಗೆ ಕೇಳಿದೆ.

“ಎರಡನೇದು ಚೆನ್ನಾಗಿತ್ತು, ಆ ಒಲೆ ಬದಲಾಯಿಸೋ ಕಥೆ. ಮೂರನೇದು ಕೆಡಿಸ್ಬುಟ್ರಿ. ಆ ಹೆಂಗಸು ಅಷ್ಟೆಲ್ಲಾ ಅನುಭವಿಸಿ ಕೊನೇಲಿ ಸುಮ್ನೆ ಗಂಡನ ಕ್ಷಮಿಸ್ಬುಡ್ತಾಳೆ. ಯಾಕೆ ಕ್ಷಮಿಸ್ಬೇಕು? ನಿಮಗೆ ಬರಿಯೋಕೆ ಧೈರ್ಯ ಸಾಲ್ಲಿಲ್ಲ, ಅಷ್ಟೇ. ಕಡೇದು ನಾಲ್ಕು ಪುಟ ಸಾಕಾಗಿತ್ತು. ಮುಂದಿನ ಪುಸ್ತಕದಲ್ಲಿ ಸರಿ ಮಾಡ್ತೀರಿ ಅಂತ ಕಾಯ್ತಿದ್ದೆ. ನೀವು ಬಂದಾಗೆಲ್ಲ ಕೈಲಿ ಪುಸ್ತಕ ಇದೆಯಾ ಅಂತ ನೋಡ್ತಿದ್ದೆ. ಬರೀ ಆಹ್ವಾನಪತ್ರಿಕೆ ತರ್ತಿದ್ರಿ.”

ಸಿಟ್ಟು ಉಕ್ಕಿ ಬಂತು, ಈ ಸಲ ಆಕೆಯ ಮೇಲೆ. “ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ ನೀವು?”

ಅವರು ಆಗ ತಲೆ ಎತ್ತಿದರು. ಮುಖದಲ್ಲಿ ಸ್ವಲ್ಪವೂ ಸ್ನೇಹ ಇರಲಿಲ್ಲ. “ನೀವು ಕೇಳಿದ್ದು ಅವರನ್ನ. ಕಾಫಿ ಲೋಟ ನನ್ನ ಕೈಯಿಂದ ಇಸ್ಕೊಳ್ವಾಗ್ಲೂ ಅವರ ಮುಖಾನೇ ನೋಡ್ತಿದ್ರಿ.” ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಬಸ್ಸಿನಲ್ಲಿ ಮನೆಗೆ ಬಂದೆ. ತರಕಾರಿ ಹೆಚ್ಚುವ ಚಾಕುವಿನಿಂದ ಒಂದೊಂದೇ ಮಡಿಕೆ ಕತ್ತರಿಸಿ, ಮೂರನೇ ಕಥೆಯನ್ನು ಓದಿದೆ. ಆಕೆ ಹೇಳಿದ್ದು ಸರಿ. ಕೊನೆಯ ಎರಡು ಪುಟ ಶುದ್ಧ ಹೇಡಿತನ. ಯಾರಾದರೂ ಆಗಲೇ ಹೇಳಿದ್ದರೆ ಒಂದೇ ಮಧ್ಯಾಹ್ನದಲ್ಲಿ ತಿದ್ದಬಹುದಾಗಿದ್ದ ತಪ್ಪು. ಸೀರೆಗಳ ಕೆಳಗಿನ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ಹಾಳೆಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು.

ಆಮೇಲೆ ಕತ್ತರಿಸಿದ ಪುಸ್ತಕವನ್ನು ಆಕೆಗೇ ಕಳಿಸಿಬಿಡೋಣ, ಈ ಸಲ ನೆಟ್ಟಗೆ ಕೂತು ಓದಲಿ ಎಂದುಕೊಂಡೆ. ಮೊದಲ ಪುಟ ತೆಗೆದೆ. ಅವರ ಗಂಡನ ಹೆಸರಿನ ಮೇಲೆ ಗೀಟು ಹಾಕಿದೆ. ‘ತಮ್ಮ ಅಭಿಪ್ರಾಯ ಕೋರಿ’ ಎನ್ನುವುದನ್ನು ಹಾಗೇ ಬಿಟ್ಟೆ. ಮೇಲೆ ಆಕೆಯ ಹೆಸರು ಬರೆಯಲು ಪೆನ್ನು ಇಟ್ಟೆ. ಅಲ್ಲಿಗೆ ಕೈ ನಿಂತಿತು. ಇಪ್ಪತ್ತೆರಡು ವರ್ಷ ಆ ಮನೆಗೆ ಹೋಗಿ ಕಾಫಿ ಕುಡಿದು ಬಂದವಳು ನಾನು. ಆಕೆಯ ಹೆಸರು ನನಗೆ ಗೊತ್ತಿರಲಿಲ್ಲ.