ಅಣುಗಳ ಡ್ರಿಲ್ ಮೇಷ್ಟ್ರು

ಟಿವಿ ಪರದೆಯಲ್ಲಿ ಬಣ್ಣ ಮೂಡಿಸುವ ಹೊಸ ಹೊಸ ದ್ರವಸ್ಫಟಿಕಗಳನ್ನು ತಯಾರಿಸುವ ನಮ್ಮ ಹಿರಿಯ ವಿಜ್ಞಾನಿಗೆ ಲ್ಯಾಬಿನಲ್ಲಿ ಡ್ರಿಲ್ ಮೇಷ್ಟ್ರು ಎಂದೇ ಹೆಸರು. ಸೂಕ್ಷ್ಮದರ್ಶಕದೊಳಗೆ ಇಣುಕಿ, "ಏಳ್ರೋ ಸೋಮಾರಿಗಳಾ, ಕರೆಂಟ್ ಬಂದ ತಕ್ಷಣ ತಿರುಗ್ಬೇಕು ಅಂತ ಎಷ್ಟು ಸಲ ಹೇಳ್ಲಿ?" ಎಂದು ಅಣುಗಳನ್ನು ಗದರುತ್ತಾರೆ. ಒಂದು ಮಿಲಿಸೆಕೆಂಡ್ ತಡವಾದರೂ ಇಡೀ ಸೀಸೆಗೆ ಛೀಮಾರಿ. ತಾವು ಮಾತ್ರ ಮೀಟಿಂಗಿಗೆ ಬರುವುದು ಅರ್ಧ ಗಂಟೆ ತಡವಾಗಿ, ಅದೂ ಬೇರೆ ಕೋಣೆಗೆ. "ಪರದೆಗೆ ಬೆಳಕು ಇಷ್ಟು ಸಾಕು ಸಾರ್, ಕಣ್ಣು ಕುಕ್ತಾ ಇದೆ" ಎಂದು ನಾವು ಗೋಗರೆದರೂ, "ಸಾಲ್ದು, ಇನ್ನೂ ಹೊಳೀಬೇಕು" ಎಂಬ ಒಂದೇ ಹಠ. ಅದು ಯಾಕೆಂದು ತಿಳಿದದ್ದು ಒಮ್ಮೆ ಅವರ ಮನೆಗೆ ಹೋದಾಗ. ಹೊಸ ಪರದೆಯನ್ನು ಅಮ್ಮನ ಮಂಜಾದ ಕಣ್ಣುಗಳ ಮುಂದೆ ಹಿಡಿದು, "ಹೇಗಿದೆಯಮ್ಮಾ?" ಎಂದರು. "ಆಹಾ, ಎಂಥಾ ಕೆಂಪು ಕಣೋ!" ಎಂದು ಅಮ್ಮ ಹಿಗ್ಗಿದರು. ಮೇಷ್ಟ್ರು ಇನ್ನೂ ಸ್ವಿಚ್ ಹಾಕಿರಲಿಲ್ಲ.